ಕ್ರಯಪತ್ರದ ‘ಬಿ’ ಷೆಡ್ಯೂಲ್: ಅಪಾರ್ಟ್‌ಮೆಂಟ್ ಸಂಘದ ಲೆಕ್ಕ, ಹಕ್ಕು, ಜಗಳ ಎಲ್ಲ ಶುರುವಾಗುವ ಜಾಗ

ಬೆಂಗಳೂರಿನಲ್ಲಿ ಸಾಲ ಮಾಡಿ ಫ್ಲ್ಯಾಟ್ ಕೊಂಡವರ ಅಸಲು ಕ್ರಯಪತ್ರ ಬ್ಯಾಂಕಿನಲ್ಲಿರುತ್ತದೆ, ಜೆರಾಕ್ಸ್ ಮನೆಯ ಬೀರುವಿನಲ್ಲಿ. ಆ ಜೆರಾಕ್ಸಿನ ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಮೂರು ಷೆಡ್ಯೂಲ್‌ಗಳಿರುತ್ತವೆ. ‘ಎ’ಯಲ್ಲಿ ಇಡೀ ಜಮೀನಿನ ವಿವರ: ಸರ್ವೆ ನಂಬರು, ಅಳತೆ, ಚಕ್ಕುಬಂದಿ. ‘ಸಿ’ಯಲ್ಲಿ ನಿಮ್ಮ ಫ್ಲ್ಯಾಟು: ಎಷ್ಟನೇ ಮಹಡಿ, ಎಷ್ಟು ಚದರಡಿ, ಕಾರು ನಿಲ್ಲಿಸಲು ಯಾವ ಜಾಗ. ಇವೆರಡನ್ನೂ ಕೊಳ್ಳುವವರು ಕಣ್ಣಿಟ್ಟು ಓದುತ್ತಾರೆ. ನಡುವಿನ ‘ಬಿ’ ಎರಡು ಮೂರು ಸಾಲಿನದು. ‘ಎ’ ಜಮೀನಿನಲ್ಲಿ ಇಷ್ಟು ಚದರಡಿ ಅವಿಭಾಜ್ಯ ಪಾಲು, ಹಕ್ಕು ಮತ್ತು ಹಿತಾಸಕ್ತಿ ಎಂದು ಬರೆದು ಮುಗಿಸಿರುತ್ತಾರೆ. ಬಿಲ್ಡರುಗಳ ಬಾಯಲ್ಲಿ ಇದರ ಹೆಸರು ಯುಡಿಎಸ್, ಅಂದರೆ ಅನ್‌ಡಿವೈಡೆಡ್ ಷೇರ್.

ಈ ಎರಡು ಸಾಲು ಓದದೆಯೇ ಬಹಳ ವರ್ಷ ನಡೆದುಹೋಗುತ್ತಿತ್ತು. ಈಗ ಹಾಗಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ಬಿಲ್ಲು ಏರಿದಾಗ ಅದನ್ನು ಯಾರು ಎಷ್ಟು ಹೊರಬೇಕು ಎಂಬ ಜಗಳ ಊರೆಲ್ಲ ಆಯಿತು. ಮೆಂಟೆನೆನ್ಸ್ ಮೇಲೆ ಜಿಎಸ್‌ಟಿ ಕಟ್ಟಬೇಕೆ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಏಳುತ್ತಿದೆ. ರಾಜ್ಯದ 1972ರ ಅಪಾರ್ಟ್‌ಮೆಂಟ್ ಕಾಯ್ದೆಗೆ ಬದಲಾಗಿ ಹೊಸ ಕಾನೂನು ತರುವ ಚರ್ಚೆಯೂ ಸರ್ಕಾರದ ಮಟ್ಟದಲ್ಲಿ ನಡೆದಿದೆ. ಈ ಎಲ್ಲ ಗೊಂದಲದ ಬುಡ ಒಂದೇ. ಸಂಘವನ್ನು ದುಡ್ಡು ಪಡೆದು ಸೇವೆ ಕೊಡುವ ಕಂಪನಿ ಎಂದುಕೊಂಡು ನಾವು ಅದರ ಮುಂದೆ ಗ್ರಾಹಕರಂತೆ ನಿಲ್ಲುತ್ತೇವೆ. ಕಾನೂನಿನ ಕಣ್ಣಿಗೆ ನಾವು ಅಲ್ಲಿ ಪಾಲುದಾರರು.

## ಹಂಚಿಹೋಗದೆ ಉಳಿದದ್ದು

ಹಳ್ಳಿಯ ಕಡೆಯ ಪಾಲುಪಟ್ಟಿ ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಅಣ್ಣತಮ್ಮಂದಿರು ಮನೆ, ಗದ್ದೆ, ತೋಟ ಎಲ್ಲ ಹಂಚಿಕೊಂಡ ಮೇಲೂ ಹಿತ್ತಲ ಬಾವಿ, ಕಣ, ಗದ್ದೆಗೆ ಹೋಗುವ ದಾರಿ ಮಾತ್ರ ‘ಎಲ್ಲರಿಗೂ ಸೇರಿದ್ದು’ ಎಂದು ಬರೆಸುತ್ತಾರೆ. ಬಾವಿಯನ್ನು ನಾಲ್ಕು ಹೋಳು ಮಾಡಲಾಗದು. ಹೂಳೆತ್ತುವ ವರ್ಷ ಎಲ್ಲರೂ ದುಡ್ಡು ಹಾಕಬೇಕು. ಊರು ಬಿಟ್ಟು ಮೈಸೂರು ಸೇರಿದ ತಮ್ಮ ‘ನಾನು ಆ ನೀರು ಕುಡಿಯುವುದಿಲ್ಲ’ ಎನ್ನಬಹುದು, ಆದರೆ ಬಾವಿಯಲ್ಲಿ ಅವನ ಪಾಲು ಇರುವವರೆಗೆ ಖರ್ಚಿನಲ್ಲೂ ಪಾಲಿದೆ. ಅವನೊಬ್ಬನೇ ಬಾವಿಕಟ್ಟೆ ಒಡೆದು ಕೊಟ್ಟಿಗೆ ಕಟ್ಟುವಂತೆಯೂ ಇಲ್ಲ.

ಅಪಾರ್ಟ್‌ಮೆಂಟಿನಲ್ಲಿ ಹೀಗೆ ಹಂಚದೆ ಉಳಿದದ್ದರ ಪಟ್ಟಿ ಉದ್ದವಾಗಿದೆ. ನೆಲ, ಅಡಿಪಾಯ, ಕಂಬ, ತೊಲೆ, ತಾರಸಿ, ಮೆಟ್ಟಿಲು, ಲಿಫ್ಟು, ಸಂಪು, ಪಂಪು, ಜನರೇಟರು, ಕೊಳಚೆ ಶುದ್ಧೀಕರಣ ಘಟಕ, ಗೇಟು, ಕಾಂಪೌಂಡು. 1972ರ ಕಾಯ್ದೆ ಇವನ್ನು ಸಾಮಾನ್ಯ ಪ್ರದೇಶ ಮತ್ತು ಸೌಲಭ್ಯಗಳು ಎಂದು ಕರೆದು, ಪ್ರತಿ ಫ್ಲ್ಯಾಟಿಗೂ ಇವುಗಳಲ್ಲಿ ಶೇಕಡಾವಾರು ಪಾಲು ಗೊತ್ತುಮಾಡಲು ಹೇಳುತ್ತದೆ. ಆ ಶೇಕಡಾವಾರು ಶಾಶ್ವತ. ಎಲ್ಲ ಮಾಲೀಕರೂ ಒಪ್ಪಿದರೆ ಮಾತ್ರ ಬದಲಾಯಿಸಬಹುದು. ಫ್ಲ್ಯಾಟಿನಿಂದ ಇದನ್ನು ಬೇರ್ಪಡಿಸಿ ಮಾರುವ ಹಾಗಿಲ್ಲ, ನ್ಯಾಯಾಲಯಕ್ಕೆ ಹೋಗಿ ‘ನನ್ನ ಪಾಲು ಬಿಡಿಸಿಕೊಡಿ’ ಎಂದು ಕೇಳುವ ಹಾಗೂ ಇಲ್ಲ.

ಬಾಲ್ಕನಿಗೆ ಗಾಜು ಹಾಕಿಸಿ ಕೋಣೆ ಮಾಡಿಕೊಂಡರೆ ಸಂಘದವರು ನೋಟಿಸು ಕಳಿಸುವುದು ಈ ಕಾರಣಕ್ಕೆ. ಒಳಗಿನ ಮನೆ ನಿಮ್ಮದೇ ಆದರೂ ಹೊರಗೋಡೆ ಎಲ್ಲರದು. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ಉಳಿದವರ ಒಪ್ಪಿಗೆಯಿಲ್ಲದೆ ಮಾಡಬಾರದೆಂದು ಕಾಯ್ದೆಯೇ ಹೇಳುತ್ತದೆ. ಅಡುಗೆಮನೆ ದೊಡ್ಡದು ಮಾಡಲು ಗೋಡೆ ಒಡೆಯುವ ಮೊದಲು ಅದು ಭಾರ ಹೊರುವ ಗೋಡೆಯೇ ಎಂದು ಕೇಳಿಕೊಳ್ಳುವುದು ಕೆಳಗಿನ ಮನೆಯವರ ಮೇಲಿನ ಉಪಕಾರವೇನಲ್ಲ, ಕಾನೂನಿನ ಹೊಣೆ.

## ಸಂಘ ನೋಂದಣಿ ಆಗಬೇಕಾದ್ದು ಎಲ್ಲಿ?

ಕರ್ನಾಟಕದಲ್ಲಿ ಇದು ಸರಳ ಪ್ರಶ್ನೆಯಲ್ಲ. ಮೂರು ದಾರಿಗಳು ಚಾಲ್ತಿಯಲ್ಲಿವೆ.

ಮೊದಲನೆಯದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಇದರಡಿ ಬರಬೇಕೆಂದರೆ ಡೀಡ್ ಆಫ್ ಡಿಕ್ಲರೇಷನ್, ಅಂದರೆ ಘೋಷಣಾ ಪತ್ರವೊಂದನ್ನು ಬರೆದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಜಮೀನು, ಕಟ್ಟಡ, ಯಾವ ಫ್ಲ್ಯಾಟಿಗೆ ಎಷ್ಟು ಶೇಕಡಾ ಪಾಲು ಎಂಬುದೆಲ್ಲ ಅದರಲ್ಲಿರುತ್ತದೆ, ಜೊತೆಗೆ ಬೈಲಾ, ಅಂದರೆ ಸಂಘ ನಡೆಸುವ ಒಳನಿಯಮಗಳು. ಈ ಘೋಷಣೆ ಆಗುವವರೆಗೆ ಕಾಯ್ದೆ ಆ ಕಟ್ಟಡಕ್ಕೆ ಅನ್ವಯಿಸುವುದಿಲ್ಲ.

ಎರಡನೆಯದು 1960ರ ಸಂಘಗಳ ನೋಂದಣಿ ಕಾಯ್ದೆ. ಯುವಕ ಸಂಘ, ಕನ್ನಡ ಸಂಘ, ಭಜನಾ ಮಂಡಳಿ ನೋಂದಣಿ ಆಗುವುದು ಇದರಲ್ಲಿ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್ ಸಂಘಗಳೂ ಇಲ್ಲೇ ಇವೆ. ಕಾರಣ ತೀರ ಲೌಕಿಕವಾದದ್ದು. ಇಲ್ಲಿ ಕೈಗೊಂದು ನೋಂದಣಿ ಪ್ರಮಾಣಪತ್ರ ಸಿಗುತ್ತದೆ, ಅದನ್ನು ತೋರಿಸಿದರೆ ಬ್ಯಾಂಕಿನಲ್ಲಿ ಖಾತೆ ತೆರೆಯುವುದು ಸುಲಭ. 1972ರ ಕಾಯ್ದೆಯ ದಾರಿಯಲ್ಲಿ ಅಂಥ ಪ್ರಮಾಣಪತ್ರ ಪಡೆಯುವುದೇ ತಲೆನೋವು.

ಮೂರನೆಯದು 1959ರ ಸಹಕಾರ ಸಂಘಗಳ ಕಾಯ್ದೆ. ಮುಂಬೈಯಲ್ಲಿ ಹೌಸಿಂಗ್ ಸೊಸೈಟಿ ಎಂದರೆ ಬಹುತೇಕ ಸಹಕಾರ ಸಂಘವೇ. ನಮ್ಮಲ್ಲಿ ಅದು ಕಡಿಮೆ.

ಪೂರ್ತಿ ವಾಸದ ಫ್ಲ್ಯಾಟುಗಳೇ ಇರುವ ಕಟ್ಟಡಕ್ಕೆ ಅನ್ವಯಿಸುವುದು 1972ರ ಮಾಲೀಕತ್ವ ಕಾಯ್ದೆ, ಸಂಘಗಳ ನೋಂದಣಿ ಕಾಯ್ದೆಯಲ್ಲ ಎಂದು ಕರ್ನಾಟಕ ಹೈಕೋರ್ಟ್ ಹೇಳಿದೆ. ಆಸ್ತಿ ನಿರ್ವಹಿಸುವುದಕ್ಕೆಂದೇ ಒಂದು ಕಾನೂನು ಇರುವಾಗ ಭಜನಾ ಮಂಡಳಿಯ ಕಾನೂನಿನಲ್ಲಿ ಕೂತರೆ ನಷ್ಟವೂ ಇದೆ. ಸಂಘಗಳ ನೋಂದಣಿ ಕಾಯ್ದೆಯಲ್ಲಿ (ಇದನ್ನೇ ಸೊಸೈಟಿ ಕಾಯ್ದೆ ಎನ್ನುವುದು) ಸದಸ್ಯತ್ವ ಎನ್ನುವುದು ಇಷ್ಟವಿದ್ದರೆ ಸೇರುವ, ಬೇಡವಾದರೆ ಬಿಡುವ ವಿಷಯ. ಬಾಕಿದಾರ ‘ನಾನು ನಿಮ್ಮ ಸಂಘದ ಸದಸ್ಯನೇ ಅಲ್ಲ’ ಎಂದು ಕೈ ಕೊಡವಿದರೆ ಸಂಘ ಬಾಯಿ ಬಾಯಿ ಬಿಡುವಂತಾಗುತ್ತದೆ. ಮಾಲೀಕತ್ವ ಕಾಯ್ದೆಯಲ್ಲಿ ಫ್ಲ್ಯಾಟು ನಿಮ್ಮದಾದ ಕ್ಷಣ ನೀವು ಬೈಲಾಕ್ಕೆ ಬದ್ಧರು. ಸೇರುವ ಬಿಡುವ ಮಾತೇ ಇಲ್ಲ.

ಇದರ ಮೇಲೆ 2016ರಲ್ಲಿ ಕೇಂದ್ರದ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಬಂತು. ಹೆಚ್ಚಿನ ಫ್ಲ್ಯಾಟುಗಳು ಬುಕ್ ಆದ ಮೂರು ತಿಂಗಳೊಳಗೆ ಬಿಲ್ಡರ್ ಸಂಘ ರಚಿಸಿಕೊಡಬೇಕು, ಸಾಮಾನ್ಯ ಪ್ರದೇಶದ ಹಕ್ಕನ್ನು ಸಂಘದ ಹೆಸರಿಗೆ ವರ್ಗಾಯಿಸಬೇಕು ಎಂದು ಅದು ಹೇಳುತ್ತದೆ. ಇಲ್ಲೊಂದು ತೊಡಕಿದೆ. ನಮ್ಮ ಕ್ರಯಪತ್ರಗಳು ನೆಲದ ಪಾಲನ್ನು ಒಬ್ಬೊಬ್ಬ ಖರೀದಿದಾರನ ಹೆಸರಿಗೇ ಬರೆದುಕೊಟ್ಟಿರುತ್ತವೆ, ರೇರಾ ಮಾತನಾಡುವುದು ಸಂಘದ ಹೆಸರಿಗೆ ಬರೆಯುವ ಬಗ್ಗೆ. ಎರಡು ಕಾನೂನುಗಳು ಎರಡು ದಿಕ್ಕಿಗೆ ಎಳೆಯುವುದರಿಂದಲೇ ಹೊಸ ರಾಜ್ಯ ಕಾನೂನು ಬೇಕೆಂಬ ಬೇಡಿಕೆ ಬಲವಾಗಿದೆ.

## ಮೆಂಟೆನೆನ್ಸ್: ಚದರಡಿಗೋ, ಮನೆಗಿಷ್ಟು ಎಂದೋ?

ಸಭೆಯಲ್ಲಿ ಅತಿ ಹೆಚ್ಚು ದನಿ ಏರುವುದು ಇಲ್ಲಿ. ಒಂದು ಕಲ್ಪಿತ ಲೆಕ್ಕ ಹಾಕೋಣ. ನೂರು ಫ್ಲ್ಯಾಟುಗಳ ಕಟ್ಟಡ. 60 ಫ್ಲ್ಯಾಟು 1,000 ಚದರಡಿಯವು, 40 ಫ್ಲ್ಯಾಟು 1,500 ಚದರಡಿಯವು. ಒಟ್ಟು 1,20,000 ಚದರಡಿ. ತಿಂಗಳ ಖರ್ಚು 4,80,000 ರೂಪಾಯಿ.

ಚದರಡಿ ಲೆಕ್ಕದಲ್ಲಿ ಹಂಚಿದರೆ ಅಡಿಗೆ 4 ರೂಪಾಯಿ. ಸಣ್ಣ ಫ್ಲ್ಯಾಟಿಗೆ 4,000, ದೊಡ್ಡದಕ್ಕೆ 6,000. ಎಲ್ಲರಿಗೂ ಸಮ ಎಂದರೆ ತಲಾ 4,800. ವ್ಯತ್ಯಾಸ ಸಣ್ಣದಲ್ಲ. ಸಮ ಹಂಚಿಕೆಯಲ್ಲಿ ಸಣ್ಣ ಫ್ಲ್ಯಾಟಿನವರು ವರ್ಷಕ್ಕೆ 9,600 ಹೆಚ್ಚು ಕೊಡುತ್ತಾರೆ, ದೊಡ್ಡದರವರು 14,400 ಉಳಿಸುತ್ತಾರೆ.

ದೊಡ್ಡ ಫ್ಲ್ಯಾಟಿನವರ ವಾದ: ‘ಸೆಕ್ಯುರಿಟಿ ಎಲ್ಲರಿಗೂ ಒಂದೇ. ನಾವು ಮನೆಯಲ್ಲಿ ಇಬ್ಬರೇ ಇರುವುದು, ಲಿಫ್ಟನ್ನೇನು ಹೆಚ್ಚು ಹತ್ತುತ್ತೇವೆಯೇ?’ ಸಣ್ಣ ಫ್ಲ್ಯಾಟಿನವರ ವಾದ: ‘ನೆಲದಲ್ಲಿ ನಿಮಗೆ ಒಂದೂವರೆಪಟ್ಟು ಪಾಲಿದೆ, ನಾಳೆ ಕಟ್ಟಡ ಕೆಡವಿ ಮತ್ತೆ ಕಟ್ಟಿದರೆ ಒಂದೂವರೆಪಟ್ಟು ನಿಮಗೇ ಬರುತ್ತದೆ, ಖರ್ಚು ಮಾತ್ರ ಸಮವೇ?’

1972ರ ಕಾಯ್ದೆ ಈ ವಾದಕ್ಕೆ ಉತ್ತರ ಕೊಟ್ಟಾಗಿದೆ. ಸಾಮಾನ್ಯ ಖರ್ಚನ್ನೂ, ಸಾಮಾನ್ಯ ಆದಾಯವನ್ನೂ ಅವಿಭಾಜ್ಯ ಪಾಲಿನ ಶೇಕಡಾವಾರು ಪ್ರಕಾರವೇ ಹಂಚಬೇಕು. ಮೇಲಿನ ಉದಾಹರಣೆಯಲ್ಲಿ ಸಣ್ಣ ಫ್ಲ್ಯಾಟಿಗೆ ಶೇ 0.83, ದೊಡ್ಡದಕ್ಕೆ ಶೇ 1.25. (ಶೇಕಡಾವಾರನ್ನು ಫ್ಲ್ಯಾಟಿನ ಮೌಲ್ಯದ ಆಧಾರದ ಮೇಲೆ ನಿಗದಿಮಾಡಲು ಕಾಯ್ದೆ ಹೇಳಿದರೂ ರೂಢಿಯಲ್ಲಿ ವಿಸ್ತೀರ್ಣವನ್ನೇ ಹಿಡಿಯುತ್ತಾರೆ.) ಮಹಾರಾಷ್ಟ್ರದ 1970ರ ಅಪಾರ್ಟ್‌ಮೆಂಟ್ ಕಾಯ್ದೆಯೂ ಹೀಗೇ ಇದೆ. ಪುಣೆಯ ಒಂದು ವಸತಿ ಸಮುಚ್ಚಯದ ವಿವಾದದಲ್ಲಿ ಬಾಂಬೆ ಹೈಕೋರ್ಟ್ 2025ರಲ್ಲಿ ಪಾಲಿಗೆ ತಕ್ಕ ಖರ್ಚು ಎಂಬ ನಿಯಮವನ್ನೇ ಎತ್ತಿಹಿಡಿಯಿತು. ಕರ್ನಾಟಕದಲ್ಲಿ ಮಾಲೀಕತ್ವ ಕಾಯ್ದೆಯಡಿ ಬರದ ಸಂಘಗಳು ಬೈಲಾದಲ್ಲಿ ಬರೆದುಕೊಂಡಂತೆ ನಡೆಯುತ್ತಿವೆ. ಒಂದಷ್ಟು ಭಾಗ ಸಮ, ಉಳಿದದ್ದು ಚದರಡಿಗೆ ಎಂಬ ಮಿಶ್ರ ಪದ್ಧತಿಯೂ ಅಲ್ಲಲ್ಲಿ ಇದೆ.

ದುಡ್ಡು ಹೋಗುವುದು ಎಲ್ಲಿಗೆ? ಬಹುಪಾಲು ಕಟ್ಟಡಗಳಲ್ಲಿ ದೊಡ್ಡ ಬಾಬತ್ತು ಜನರ ಸಂಬಳ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಪ್ಲಂಬರ್, ಎಲೆಕ್ಟ್ರಿಷಿಯನ್, ಮ್ಯಾನೇಜರ್. ಇವರು ಏಜೆನ್ಸಿಯ ನೌಕರರಾದರೂ ಕನಿಷ್ಠ ವೇತನ, ಪಿಎಫ್, ಇಎಸ್ಐ ಸರಿಯಾಗಿ ಕಟ್ಟಿದ್ದಾರೆಯೇ ಎಂದು ನೋಡುವ ಹೊಣೆ ಮೂಲ ಉದ್ಯೋಗದಾತರೆಂದು ಸಂಘದ ಮೇಲೂ ಬರುತ್ತದೆ. ‘ಆ ಏಜೆನ್ಸಿ ಕಡಿಮೆಗೆ ಬರುತ್ತದೆ’ ಎಂದು ಯಾರಾದರೂ ಸಭೆಯಲ್ಲಿ ಕೊಟೇಶನ್ ತಂದರೆ ಕಡಿಮೆಯಾದ ದುಡ್ಡು ಯಾರ ಜೇಬಿನಿಂದ ಎಂದು ಕೇಳಬೇಕು. ಆಮೇಲೆ ಸಾಮಾನ್ಯ ಪ್ರದೇಶದ ಕರೆಂಟು, ಲಿಫ್ಟು ಮತ್ತು ಜನರೇಟರಿನ ವಾರ್ಷಿಕ ನಿರ್ವಹಣೆ ಗುತ್ತಿಗೆ, ಡೀಸೆಲ್, ನೀರು, ವಿಮೆ.

ಫ್ಲ್ಯಾಟಿಗೆ ಬೀಗ ಹಾಕಿ ಅಮೆರಿಕದಲ್ಲಿರುವವರು ‘ನಾವು ಏನನ್ನೂ ಬಳಸುತ್ತಿಲ್ಲ, ಅರ್ಧ ಕಟ್ಟುತ್ತೇವೆ’ ಎನ್ನುವುದುಂಟು. ಸಾಮಾನ್ಯ ಸೌಲಭ್ಯವನ್ನು ಬಳಸದೆ ಬಿಟ್ಟೆ ಎಂಬ ಕಾರಣಕ್ಕೆ ಖರ್ಚಿನ ಪಾಲಿನಿಂದ ಬಿಡುಗಡೆ ಇಲ್ಲ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ನೆಲಮಹಡಿಯವರು ಲಿಫ್ಟಿನ ಖರ್ಚು ಕೊಡಬೇಕಾದ್ದೂ ಇದರಿಂದಲೇ. ಮೀಟರಿನಲ್ಲಿ ಅಳೆಯುವ ನೀರು, ಗ್ಯಾಸುಗಳ ಲೆಕ್ಕ ಬೇರೆ. ಅವು ಸಾಮಾನ್ಯ ಖರ್ಚಲ್ಲ, ಅವರವರ ಬಳಕೆ.

## ಕಟ್ಟದವರನ್ನು ಏನು ಮಾಡುವುದು?

ಬಾಕಿ ಹಣ ಆ ಫ್ಲ್ಯಾಟಿನ ಮೇಲೆಯೇ ಹೊರೆಯಾಗಿ ಕೂರುತ್ತದೆ. ಫ್ಲ್ಯಾಟು ಮಾರಿದಾಗ ಹಳೆಯ ಬಾಕಿಗೆ ಮಾರಿದವರೂ ಕೊಂಡವರೂ ಜಂಟಿಯಾಗಿ ಹೊಣೆ. ಮರುಮಾರಾಟದ ವೇಳೆ ಸಂಘದಿಂದ ‘ನೋ ಡ್ಯೂಸ್’ ಪತ್ರ ಕೇಳುವ ರೂಢಿ ಬಂದದ್ದು ಹೀಗೆ. ಹಳೆಯ ಫ್ಲ್ಯಾಟು ಕೊಳ್ಳುವವರು ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ತೆಗೆಸುವಷ್ಟೇ ಆಸ್ಥೆಯಿಂದ ಈ ಪತ್ರವನ್ನೂ ತೆಗೆಸಬೇಕು. ಸಂಘದ ಬಾಕಿ ಇಸಿಯಲ್ಲಿ ಕಾಣುವುದಿಲ್ಲ.

ಸಂಘ ನೋಟಿಸು ಕೊಡಬಹುದು, ಬೈಲಾದಲ್ಲಿದ್ದಷ್ಟು ಬಡ್ಡಿ ಹಾಕಬಹುದು, ವಸೂಲಿಗೆ ದಾವೆ ಹೂಡಬಹುದು. ಜಿಮ್, ಈಜುಕೊಳ, ಕ್ಲಬ್‌ಹೌಸಿಗೆ ತಡೆ ಒಡ್ಡುವ ಸಂಘಗಳೂ ಇವೆ. ಆದರೆ ಕುಡಿಯುವ ನೀರು, ಕರೆಂಟು ಕಡಿತ ಮಾಡುವುದು ಬೇರೆಯೇ ಮಾತು. ಅವು ಜೀವನದ ಅಗತ್ಯಗಳು. ಅಲ್ಲಿಗೆ ಕೈ ಹಾಕಿದರೆ ಬಾಕಿದಾರನೇ ದೂರುದಾರನಾಗಿ, ಸಂಘದ ಪದಾಧಿಕಾರಿಗಳು ಪೊಲೀಸು ಠಾಣೆಯ ಬೆಂಚಿನ ಮೇಲೆ ಕೂರಬೇಕಾದೀತು.

## ಕಾರ್ಪಸ್, ಸಿಂಕಿಂಗ್ ಫಂಡ್

ಫ್ಲ್ಯಾಟು ಕೊಳ್ಳುವಾಗ ಬಿಲ್ಡರ್ ಒಮ್ಮೆಗೇ ಪಡೆದು, ಸಂಘ ಆದ ಮೇಲೆ ಅದಕ್ಕೆ ಒಪ್ಪಿಸಬೇಕಾದ ಇಡುಗಂಟು ಕಾರ್ಪಸ್. ಇಂಥದ್ದೇ ಖರ್ಚು ಬರುತ್ತದೆಂದು ಗೊತ್ತಿದ್ದು ತಿಂಗಳಿಗಿಷ್ಟು ಎಂದು ಕೂಡಿಡುವುದು ಸಿಂಕಿಂಗ್ ಫಂಡ್. ಇನ್ನು ಹತ್ತು ವರ್ಷದಲ್ಲಿ ಲಿಫ್ಟು ಬದಲಾವಣೆ, ಹೊರಗಿನ ಬಣ್ಣ, ತಾರಸಿಯ ವಾಟರ್‌ಪ್ರೂಫಿಂಗ್ ಸೇರಿ 60 ಲಕ್ಷ ಬೇಕಾಗಬಹುದು ಎಂದಿಟ್ಟುಕೊಳ್ಳಿ. ನೂರು ಫ್ಲ್ಯಾಟುಗಳು ಸರಾಸರಿ ತಿಂಗಳಿಗೆ 500 ರೂಪಾಯಿ ಎತ್ತಿಟ್ಟರೆ ಸಾಕು. ಎತ್ತಿಡದೆ ಇದ್ದರೆ ಹತ್ತನೆಯ ವರ್ಷ ತಲಾ 60,000 ಒಮ್ಮೆಗೇ ಕೊಡಿ ಎನ್ನಬೇಕಾಗುತ್ತದೆ, ಆಗ ಅರ್ಧ ಜನ ಕೊಡುವುದಿಲ್ಲ.

‘ನಮ್ಮ ಮೆಂಟೆನೆನ್ಸ್ ತುಂಬ ಕಡಿಮೆ’ ಎಂದು ಹೆಮ್ಮೆಪಡುವ ಕಟ್ಟಡಗಳಲ್ಲಿ ಹಲವು ಈ ಎತ್ತಿಡುವ ಕೆಲಸ ಮಾಡದಿರುವುದರಿಂದಲೇ ಕಡಿಮೆ. ಕಾರ್ಪಸ್ಸಿನ ಬಡ್ಡಿಯಿಂದ ದಿನನಿತ್ಯದ ಖರ್ಚು ತೂಗಿಸುವುದೂ ಅದೇ ಜಾಣತನದ ಇನ್ನೊಂದು ರೂಪ.

## ಜಿಎಸ್‌ಟಿ ಯಾರಿಗೆ?

ಎರಡು ಷರತ್ತು ಒಟ್ಟಿಗೆ ಕೂಡಿಬಂದರೆ ಮಾತ್ರ. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಬೇಕು ಮತ್ತು ಒಬ್ಬ ಸದಸ್ಯನ ಮಾಸಿಕ ಮೆಂಟೆನೆನ್ಸ್ 7,500 ದಾಟಬೇಕು. 2018ರ ಜನವರಿಗೆ ಮೊದಲು ಈ ಮಿತಿ 5,000 ಇತ್ತು. ದರ ಶೇ 18.

8,000 ಕಟ್ಟುವವರಿಗೆ ತೆರಿಗೆ ಎಷ್ಟು? ಮಿತಿ ದಾಟಿದರೆ ಪೂರ್ತಿ ಮೊತ್ತಕ್ಕೆ ತೆರಿಗೆ ಎಂಬುದು ತೆರಿಗೆ ಇಲಾಖೆಯ 2019ರ ಸುತ್ತೋಲೆಯ ನಿಲುವು. ಆ ಪ್ರಕಾರ 1,440 ರೂಪಾಯಿ. ಮಿತಿಗಿಂತ ಮೇಲಿನ 500ಕ್ಕೆ ಮಾತ್ರ ಎಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿತು. ಆ ಪ್ರಕಾರ 90 ರೂಪಾಯಿ. ನಿಮ್ಮ ಸಂಘದ ಲೆಕ್ಕಪರಿಶೋಧಕರು ಎರಡರಲ್ಲಿ ಯಾವುದನ್ನು ಹಿಡಿದಿದ್ದಾರೆ ಎಂದು ಕೇಳಿ.

## ಬಿಲ್ಡರಿನಿಂದ ಬೀಗದಕೈ ಪಡೆಯುವಾಗ

ಮೊದಲ ಎಂಸಿ, ಅಂದರೆ ಮ್ಯಾನೇಜಿಂಗ್ ಕಮಿಟಿಯ ಹಣೆಬರಹ ನಿರ್ಧಾರವಾಗುವುದು ಇಲ್ಲಿ. ಒಸಿ (ಕಟ್ಟಡ ವಾಸಕ್ಕೆ ಯೋಗ್ಯ ಎಂಬ ಸ್ವಾಧೀನ ಪ್ರಮಾಣಪತ್ರ), ಮಂಜೂರಾದ ನಕ್ಷೆ, ನೀರು ಮತ್ತು ಕರೆಂಟಿನ ಕೊಳವೆ, ವೈರು ನಿಜವಾಗಿ ಎಲ್ಲಿ ಹಾದುಹೋಗಿವೆ ಎಂಬ ನಕ್ಷೆ, ಅಗ್ನಿಶಾಮಕ ಇಲಾಖೆಯ ಪತ್ರ, ಲಿಫ್ಟಿನ ಪರವಾನಗಿ, ಎಸ್‌ಟಿಪಿಗೆ (ಕೊಳಚೆ ಶುದ್ಧೀಕರಣ ಘಟಕಕ್ಕೆ) ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಯಂತ್ರಗಳ ವಾರಂಟಿ, ಕಾರ್ಪಸ್ ಹಣದ ಲೆಕ್ಕ: ಇಷ್ಟೂ ಕೈಗೆ ಬರಬೇಕು. ಒಸಿ ಇಲ್ಲದ ಕಟ್ಟಡವನ್ನು ಸಂಘ ವಹಿಸಿಕೊಂಡರೆ ಬಿಲ್ಡರಿನ ತಲೆನೋವು ಸಂಘಕ್ಕೆ ಬರುತ್ತದೆ. ಕೈ ಬದಲಾಗುವವರೆಗಿನ ತೆರಿಗೆ, ಕರೆಂಟು, ನೀರಿನ ಬಾಕಿ ಬಿಲ್ಡರಿನದು.

ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದೊಳಗೆ ಖರ್ಚಿಲ್ಲದೆ ಸರಿಪಡಿಸಬೇಕೆಂದು ರೇರಾ ಹೇಳುತ್ತದೆ. ಬೇಸ್‌ಮೆಂಟಿನಲ್ಲಿ ನೀರು ಜಿನುಗುವುದು ಗೊತ್ತಾಗಲು ಎರಡು ಮೂರು ಮಳೆಗಾಲ ಬೇಕು. ವಾಟ್ಸ್ಆಪಿನಲ್ಲಿ ಬೈದುಕೊಂಡು ಕೂರದೆ ಫೋಟೊ ಸಮೇತ ಬರವಣಿಗೆಯಲ್ಲಿ ದೂರು ಕಳಿಸಿದ್ದರೆ ಮಾತ್ರ ಐದನೆಯ ವರ್ಷ ಅದಕ್ಕೆ ಬೆಲೆ.

## ನೀರು, ಕೊಳಚೆ, ಕಸ

ಕಾವೇರಿ ನೀರು ಬೆಂಗಳೂರಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಮೇಲಕ್ಕೆ ಪಂಪು ಮಾಡಿ. ಹೊರವಲಯದ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರಿನ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಆದರೆ ಅಪಾರ್ಟ್‌ಮೆಂಟಿಗೆ ಸಂಪರ್ಕ ಪಡೆಯಲು ಅರ್ಜಿ ಹಾಕಬೇಕಾದ್ದು, ಶುಲ್ಕ ಕಟ್ಟಬೇಕಾದ್ದು ಸಂಘ. ಆ ಶುಲ್ಕವೇ ದೊಡ್ಡ ಮೊತ್ತವಾದ್ದರಿಂದ ‘ಟ್ಯಾಂಕರೇ ಸಾಕು’ ಎಂದು ಕೈಬಿಟ್ಟವರಿದ್ದಾರೆ. 2024ರ ಮಾರ್ಚಿನಲ್ಲಿ ಅವರಲ್ಲಿ ಹಲವರು ಅದರ ಬೆಲೆ ತೆತ್ತರು. ಕಾರು ತೊಳೆಯಲು, ಗಿಡಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದೂ ಆ ತಿಂಗಳೇ.

ಫ್ಲ್ಯಾಟಿಗೊಂದು ನೀರಿನ ಮೀಟರ್ ಇಲ್ಲದ ಕಡೆ ಉಳಿತಾಯದ ಮಾತು ಸಭೆಯಲ್ಲೇ ಉಳಿಯುತ್ತದೆ. ಹಳೆಯ ಕಟ್ಟಡಗಳಲ್ಲಿ ಒಂದೊಂದು ಬಚ್ಚಲಿಗೂ ಬೇರೆ ಕೊಳವೆ ಇಳಿದಿರುವುದರಿಂದ ಒಂದೇ ಫ್ಲ್ಯಾಟಿಗೆ ಮೂರು ನಾಲ್ಕು ಮೀಟರ್ ಬೇಕಾಗುತ್ತದೆ. ಎಂಸಿಗಳು ಹಿಂಜರಿಯುವುದು ಆ ಖರ್ಚಿಗೆ.

ಎಸ್‌ಟಿಪಿ ಅಂದರೆ ಬಚ್ಚಲು, ಶೌಚದ ನೀರನ್ನು ಸೂಕ್ಷ್ಮಾಣುಗಳಿಂದ ಶುದ್ಧ ಮಾಡಿಸಿ ಫ್ಲಶ್‌ಗೆ, ಗಿಡಗಳಿಗೆ ಮತ್ತೆ ಬಿಡುವ ಘಟಕ. ಆ ಸೂಕ್ಷ್ಮಾಣುಗಳಿಗೆ ಗಾಳಿ ಬೇಕು, ಗಾಳಿಗೆ ಮೋಟಾರು ಓಡಬೇಕು. ಕರೆಂಟು ಉಳಿಸಲೆಂದು ಮೋಟಾರು ನಿಲ್ಲಿಸಿದರೆ ಅವು ಸಾಯುತ್ತವೆ, ಫ್ಲಶ್ಶಿನ ನೀರು ನಾರುತ್ತದೆ. ಇದರ ತೊಟ್ಟಿಗೆ ಮನುಷ್ಯರನ್ನು ಇಳಿಸುವುದು ಅಪರಾಧ. ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆ ಬಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ 2018ರ ಜನವರಿಯಲ್ಲಿ ಎಸ್‌ಟಿಪಿಗೆ ಇಳಿದ ಮೂವರು ಕಾರ್ಮಿಕರು ಸತ್ತರು. ಅಪಾಯಕಾರಿಯಾಗಿ ಮಲಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ‘ಕಂಟ್ರಾಕ್ಟರ್ ಇಳಿಸಿದ, ನಮಗೆ ಗೊತ್ತಿಲ್ಲ’ ಎಂದು ಪದಾಧಿಕಾರಿಗಳು ಸುಲಭವಾಗಿ ಪಾರಾಗಲಾರರು.

ಕಸದ ನಿಯಮವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಹಸಿ ಕಸಕ್ಕೆ ಹಸಿರು ಡಬ್ಬ, ಡೈಪರ್‌ನಂಥ ಕಸಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಬೃಹತ್ ಕಸ ಉತ್ಪಾದಕರ ಪಟ್ಟಿಗೆ ಸೇರುವ ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಪಾಲಿಕೆಯ ಗಾಡಿ ಬರುವುದಿಲ್ಲ. ತಾವೇ ಗೊಬ್ಬರ ಮಾಡಬೇಕು, ಇಲ್ಲವೇ ಅಧಿಕೃತ ಸಂಸ್ಥೆಗೆ ದುಡ್ಡು ಕೊಟ್ಟು ಒಯ್ಯಿಸಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರಪಾಲಿಕೆಗಳು ಬಂದಿವೆ. ಯಾವ ಪಾಲಿಕೆಗೆ ಸೇರಿದ್ದೀರಿ ಎಂದು ನೋಡಿಕೊಂಡೇ ಅರ್ಜಿ ಬರೆಯಬೇಕು.

## ಕಾರು, ನಾಯಿ, ಬಾಡಿಗೆದಾರ

ತೆರೆದ ಜಾಗದ ಮತ್ತು ಕಂಬಗಳ ನಡುವಿನ ಪಾರ್ಕಿಂಗನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ, ಅದು ಸಾಮಾನ್ಯ ಪ್ರದೇಶ ಎಂದು ಮುಂಬೈಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು. ಆದರೂ ಪಾರ್ಕಿಂಗಿಗೆಂದು ಲಕ್ಷಗಟ್ಟಲೆ ಕೊಟ್ಟವರು ಎಲ್ಲ ಕಟ್ಟಡಗಳಲ್ಲೂ ಇದ್ದಾರೆ. ಅವರಿಗೆ ಸಿಕ್ಕಿರುವುದು ಹೆಚ್ಚೆಂದರೆ ಆ ಜಾಗ ಬಳಸುವ ಹಕ್ಕು.

ಸಾಕುನಾಯಿಯನ್ನು ಪೂರ್ತಿ ನಿಷೇಧಿಸುವ, ಲಿಫ್ಟಿಗೆ ಬಿಡಬೇಡಿ ಎನ್ನುವ ಬೈಲಾ ನಿಲ್ಲುವುದಿಲ್ಲ ಎಂಬುದು ಪ್ರಾಣಿ ಕಲ್ಯಾಣ ಮಂಡಳಿಯ ನಿಲುವು. ಹಾಗೆಯೇ ಮಲ ತೆಗೆಯುವುದು, ಸರಪಳಿ ಹಿಡಿಯುವುದು ನಾಯಿ ಸಾಕಿದವರ ಹೊಣೆ. ಬೀದಿನಾಯಿಗಳಿಗೆ ಊಟ ಹಾಕಲು ಮಕ್ಕಳು ಆಡುವ ಜಾಗ, ಮೆಟ್ಟಿಲುಗಳಿಂದ ದೂರದಲ್ಲಿ ಸ್ಥಳ ಗೊತ್ತುಮಾಡುವ ಕೆಲಸವನ್ನು 2023ರ ಕೇಂದ್ರ ನಿಯಮಗಳು ನಿವಾಸಿಗಳ ಸಂಘಕ್ಕೇ ವಹಿಸಿವೆ.

ಬಾಡಿಗೆದಾರರಿಗೆ ಮತವಿಲ್ಲ, ಏಕೆಂದರೆ ಪಾಲಿಲ್ಲ. ಹಾಗೆಂದು ಅವರು ಎರಡನೇ ದರ್ಜೆಯವರೂ ಅಲ್ಲ. ಮಾಲೀಕನ ಬಳಕೆಯ ಹಕ್ಕು ಬಾಡಿಗೆಯ ಅವಧಿಯಲ್ಲಿ ಅವರಿಗೆ ಬಂದಿರುತ್ತದೆ. ಕಟ್ಟಡದ ಅರ್ಧದಷ್ಟು ಬಾಡಿಗೆದಾರರೇ ಇರುವ ಕಡೆ ಅವರನ್ನು ಸಭೆಗೆ ಕರೆದು ಕೂರಿಸಿಕೊಳ್ಳುವುದು ಒಳ್ಳೆಯದು. ನೀರಿಲ್ಲ ಎಂದು ಮೊದಲು ಗೊತ್ತಾಗುವುದು ಅವರಿಗೇ.

## ಸಭೆ, ಲೆಕ್ಕ, ದೂರು

ಬಜೆಟ್, ಮೆಂಟೆನೆನ್ಸ್ ದರ, ದೊಡ್ಡ ಖರ್ಚು, ಬೈಲಾ ತಿದ್ದುಪಡಿ ಇವೆಲ್ಲ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ತೀರ್ಮಾನವಾಗಬೇಕು. ಎಂಸಿ ನಡುವಿನ ದಿನಗಳ ಕೆಲಸ ನಡೆಸುತ್ತದೆ, ಬಹುತೇಕ ಕಡೆ ಸಂಬಳವಿಲ್ಲದೆ. ಸಭೆಯ ಹಾಜರಾತಿ ಎಷ್ಟಿರಬೇಕು, ಬೇರೆಯವರ ಪರವಾಗಿ ಒಬ್ಬರು ಎಷ್ಟು ಮತ ಹಾಕಬಹುದು ಎಂಬುದು ನಿಮ್ಮ ಬೈಲಾದಲ್ಲಿದೆ. ಮಾಲೀಕತ್ವ ಕಾಯ್ದೆಯ ಮಾದರಿ ಬೈಲಾದಲ್ಲಿ ಮತದ ತೂಕವೂ ಪಾಲಿನ ಶೇಕಡಾವಾರು ಪ್ರಕಾರವೇ. ಕೈ ಎತ್ತಿಸಿ ಎಣಿಸಿದ ನಿರ್ಣಯವನ್ನು ಆಮೇಲೆ ಯಾರಾದರೂ ಪ್ರಶ್ನಿಸಲು ಇಷ್ಟು ಸಾಕು.

ಲೆಕ್ಕಪುಸ್ತಕ, ವೋಚರುಗಳನ್ನು ಕಚೇರಿ ಸಮಯದಲ್ಲಿ ನೋಡುವ ಹಕ್ಕು ಪ್ರತಿ ಮಾಲೀಕನಿಗೂ ಇದೆ. ವರ್ಷಕ್ಕೊಮ್ಮೆ ಹೊರಗಿನ ಲೆಕ್ಕಪರಿಶೋಧಕರಿಂದ ಆಡಿಟ್ ಆಗಬೇಕು. ಖಜಾಂಚಿಯ ಮೇಲೆ ಅನುಮಾನವಿದ್ದರೆ ಗುಂಪಿನಲ್ಲಿ ಸಂದೇಶ ಹಾಕುವ ಮೊದಲು ಬರವಣಿಗೆಯಲ್ಲಿ ವೋಚರು ಕೇಳಿ. ಕೊಡದಿದ್ದರೆ ಆ ಪತ್ರವೇ ಮುಂದಿನ ದೂರಿಗೆ ಆಧಾರವಾಗುತ್ತದೆ.

ದೂರು ಎಲ್ಲಿಗೆ ಎಂಬುದು ಎದುರಾಳಿ ಯಾರು ಎಂಬುದರ ಮೇಲೆ ನಿಂತಿದೆ. ಬಿಲ್ಡರಿನ ವಿರುದ್ಧವಾದರೆ ರೇರಾ ಪ್ರಾಧಿಕಾರ ಅಥವಾ ಗ್ರಾಹಕ ಆಯೋಗ. ಸೊಸೈಟಿ ಕಾಯ್ದೆಯಡಿ ನೋಂದಾಯಿತ ಸಂಘದಲ್ಲಿ ಚುನಾವಣೆ ನಡೆಸದಿದ್ದರೆ, ಲೆಕ್ಕ ಸಲ್ಲಿಸದಿದ್ದರೆ ಸಂಘಗಳ ರಿಜಿಸ್ಟ್ರಾರ್. ಮಾಲೀಕತ್ವ ಕಾಯ್ದೆಯ ಸಂಘದೊಳಗಿನ ಜಗಳಕ್ಕೆ ಹೆಚ್ಚಿನ ಸಲ ಸಿವಿಲ್ ನ್ಯಾಯಾಲಯವೇ ಗತಿ, ಅಲ್ಲಿ ವರ್ಷಗಳು ಉರುಳುತ್ತವೆ. ಈ ಜಗಳಗಳಿಗೆಂದೇ ಒಬ್ಬ ಅಧಿಕಾರಿ ಇರಲಿ ಎಂಬುದು ಹೊಸ ಕಾನೂನು ಕೇಳುತ್ತಿರುವವರ ಮುಖ್ಯ ಬೇಡಿಕೆಗಳಲ್ಲಿ ಒಂದು. ಸದ್ಯಕ್ಕೆ ದಾವೆ ಹೂಡುವ ಮೊದಲು ಬೈಲಾದಲ್ಲಿ ಮಧ್ಯಸ್ಥಿಕೆಯ ಕಲಂ ಇದೆಯೇ ಎಂದು ವಕೀಲರಿಗೆ ತೋರಿಸಿ. ಇದ್ದರೆ ನ್ಯಾಯಾಲಯ ನಿಮ್ಮನ್ನು ಮೊದಲು ಅಲ್ಲಿಗೇ ಕಳಿಸಬಹುದು.